ಕ್ಲಚ್ಚಿಲ್ಲದ ಗಾಡಿ

ನನ್ನ ಎಡಗಾಲು ಪೋಲಿಯೋದಲ್ಲಿ ಸೊರಗಿದ್ದು. ಗಾಡಿ ಓಡಿಸೋದು ಇವನ ಹಣೇಲಿ ಬರೆದಿಲ್ಲ ಅಂತ ಹಂಪಾಪುರದ ಸುತ್ತಮುತ್ತ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು. ತೊಂಬತ್ತರ ದಶಕದ ಕೊನೇಲಿ ಕೊಡಗಿನ ಕಡೆ ತೋಟದವರೊಬ್ಬರು, ಹೊರದೇಶದಿಂದ ತರಿಸಿದ್ದ ಹಳೇ ಪಿಕಪ್ ಮಾರಿದರು. ಆಟೋಮ್ಯಾಟಿಕ್ ಗೇರು, ಕ್ಲಚ್ ಪೆಡಲ್ಲೇ ಇಲ್ಲ. ಬಲಗಾಲೊಂದಿದ್ದರೆ ಸಾಕು! ಯಾರಿಗೂ ಬೇಡವಾಗಿದ್ದ ಅದನ್ನ ನಾನು ತಂದೆ. ಊರಿನವರ ಬಾಳೆಗೊನೆ, ತರಕಾರಿ ಹೇರಿಕೊಂಡು ಹ್ಯಾಂಡ್‌ಪೋಸ್ಟಿಗೆ ಹೋಗೋದೇ ನನ್ನ ಕಸುಬಾಯಿತು. ಯಾರ ಹೆಗಲೂ ಹಿಡಿಯದೆ ನಾನು ಊರು ದಾಟಿದ್ದು ಆವಾಗಲೇ.

ಮದುವೆ ಗಿದುವೆ ಆಗಲಿಲ್ಲ. ಒಬ್ಬನೇ ಮುದ್ದೆ ತಿರುವಿ ಒಬ್ಬನೇ ಉಣ್ಣುತ್ತಿದ್ದೆ. ಮನೆಗೆ ಅಂತ ಬರುತ್ತಿದ್ದವನು ಅಣ್ಣ ಒಬ್ಬನೇ. ಅದೂ ಮಂಗಳವಾರ, ತನ್ನ ತರಕಾರಿ ಸಂತೆಗೆ ಹಾಕೋಕೆ ಗಾಡಿ ಕೀ ಕೇಳಿಕೊಂಡು. ಬಂದವನು ಕಾಫಿ ಕುಡಿದು, ನನ್ನ ಅಡುಗೆಗೆ ಹೆಸರಿಟ್ಟು, ನನ್ನ ಗಡ್ಡಕ್ಕೂ ನಾಲ್ಕು ಬೈದು ಹೋಗುತ್ತಿದ್ದ. ಆ ಬೈಗುಳಕ್ಕೆ ವಾರವೆಲ್ಲ ಕಾಯುತ್ತಿದ್ದೆ. ಹೇಳಿಕೊಳ್ಳೋಕೆ ನನಗೇನೂ ನಾಚಿಕೆಯಿಲ್ಲ.

ಗಾಡಿ ಕೆಲವು ವರ್ಷ ಚೆನ್ನಾಗೇ ಓಡಿತು. ಆಮೇಲೆ ಗೇರು ಮೆತ್ತಗಾಯಿತು. ಮೊದಲೆಲ್ಲ ಗೇರು ಬದಲಾಗುವಾಗ ಬೆನ್ನಿಗೆ ಸಣ್ಣಗೆ ಗೊತ್ತಾಗುತ್ತಿತ್ತು. ಈಗ ಇಂಜಿನ್ ಮಾತ್ರ ಗುಯ್ ಅಂತ ಏರೋದು, ಗಾಡಿ ಹೋಗಲೋ ಬೇಡವೋ ಅಂತ ಮೀನ ಮೇಷ ಎಣಿಸೋದು, ಆಮೇಲೆ ಬೆಣ್ಣೇಲಿ ಜಾರಿದ ಹಾಗೆ ಗೇರು ಬೀಳೋದು. ಲೋಡಿದ್ದರಂತೂ ದೇವರೇ ಗತಿ. ಬೇರೆಯವರ ಗಾಡಿ ಕೆಟ್ಟರೆ ದಾರೀಲಿ ಹೋಗೋರೆಲ್ಲ ಡಾಕ್ಟ್ರುಗಳೇ. ನನ್ನದೋ, ಊರಿಗೊಬ್ಬಳೇ ಪದ್ಮಾವತಿ. ಬಾನೆಟ್ ಎತ್ತಿ ನಿಂತರೆ ಜನ ಇಣುಕಿ, ಮಾತಿಲ್ಲದೆ ಹೋಗುತ್ತಿದ್ದರು.

ಹುಣಸೂರಿನ ಮೆಕ್ಯಾನಿಕ್ ಇಂಜಿನ್ ಆರಿಸಿ, ಗೇರೆಣ್ಣೆಯ ಅಳತೆಕಡ್ಡಿ ಎಳೆದು ನೋಡಿ, "ಆಯಿಲ್ ಫುಲ್ ಐತೆ ಕಣಣ್ಣ. ಗೇರ್ ಬಾಕ್ಸ್ ಬಿಚ್ಚಿದ್ರೆ ಜೋಡ್ಸೋ ಗ್ಯಾರಂಟಿ ನಾನ್ ಕೊಡಾಕಿಲ್ಲ," ಅಂದ. ಅವನದೇನು ತಪ್ಪು, ಇಂಥ ಗೇರು ಕಂಡಿದ್ದರೆ ತಾನೇ? ನನಗೆ ಅನ್ನ ಇಳೀಲಿಲ್ಲ. ಈ ಗಾಡಿ ನಿಂತರೆ ನಾನೂ ಜಗುಲಿ ಹಿಡಿದೆ ಅಂತಲೇ ಲೆಕ್ಕ.

ಹ್ಯಾಂಡ್‌ಪೋಸ್ಟಿನಲ್ಲಿ ಬೇಕರಿ ಇಟ್ಟಿದ್ದ ಮಲಯಾಳಿಯೊಬ್ಬ ಗಲ್ಫಿನಲ್ಲಿ ವರ್ಷಗಟ್ಟಲೆ ಡ್ರೈವರಾಗಿದ್ದವನು. ಒಂದು ದಿನ ನನ್ನ ಗಾಡಿ ಗುಯ್‌ಗುಟ್ಟಿದ್ದು ಕೇಳಿ, ಕೈ ಒರೆಸಿಕೊಂಡು ಬಂದ.

"ಇಂಜಿನ್ ಆಫ್ ಮಾಡಬೇಡಿ. ನಿಲ್ಲಿಸಿದ್ರೆ ಇದರಲ್ಲಿ ಆಯಿಲೆಲ್ಲ ಕೆಳಗಿಳಿದು, ಫುಲ್ ಅಂತ ಸುಳ್ಳು ತೋರಿಸ್ತದೆ."

ಬಿಸಿ ಇಂಜಿನ್ ಓಡುತ್ತಿರುವಾಗಲೇ ಕಡ್ಡಿ ಎಳೆದ. ಎಣ್ಣೆ ಗುರುತಿಗಿಂತ ಎಷ್ಟೋ ಕೆಳಗಿತ್ತು. ಕೆಂಪಗಿರಬೇಕಾದದ್ದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಮೂಸಿ, ನನ್ನ ಮೂಗಿಗೂ ಹಿಡಿದ. ಸೀದ ವಾಸನೆ.

"ಇಳಿಜಾರಲ್ಲಿ ಇಂಜಿನ್ ಆರಿಸಿ ಬಿಡ್ತೀರಾ?"

ನಾನು ಹಾಗೆ ಮಾಡಿದವನಲ್ಲ. ಥಟ್ಟನೆ ಅಣ್ಣನ ನೆನಪಾಯಿತು. ನಮ್ಮ ಕಡೆ ಇಳಿಜಾರು ಕಂಡರೆ ನ್ಯೂಟ್ರಲ್ ಮಾಡಿ ಇಂಜಿನ್ ಆರಿಸಿಬಿಡೋದು ಡ್ರೈವರುಗಳ ಜಾಣತನ, ಅಷ್ಟು ಡೀಸೆಲ್ ಉಳೀತಲ್ಲ ಅಂತ. ಅಣ್ಣ ಅದರಲ್ಲಿ ಎತ್ತಿದ ಕೈ. ಇಂಜಿನ್ ತಿರುಗಿದರೆ ಮಾತ್ರ ಈ ಗೇರಿಗೆ ಎಣ್ಣೆ ಹೋಗುತ್ತಂತೆ. ಆರಿಸಿ ಉರುಳಿಸಿದರೆ ಒಳಗಿನ ಪ್ಲೇಟುಗಳು ಒಣಗಿ ಸೀಯುತ್ತವಂತೆ. ಬೇಕರಿಯವನು ಸೋರುತ್ತಿದ್ದ ಪೈಪು ಬಿಗಿ ಮಾಡಿ, ಮೈಸೂರಿನಿಂದ ಎಣ್ಣೆ ತರಿಸಿ ಬದಲಾಯಿಸಿದ. ಗೇರು ಮತ್ತೆ ಹಿಡಿಯಿತು.

"ಸವೆದದ್ದು ಸವೀತು. ಜೋಪಾನ ಮಾಡಿದ್ರೆ ಓಡ್ತದೆ. ಇನ್ನೂ ಹಾಗೇ ಉರುಳಿಸ್ತಾ ಇದ್ರೆ ಮುಗೀತು," ಅಂದ.

ಮಂಗಳವಾರ ಅಣ್ಣನಿಗೆ ಕಾಫಿ ಕೊಟ್ಟು, ಎಲ್ಲಾ ಬಿಡಿಸಿ ಹೇಳಿದೆ.

"ನೀನ್ ತೆವಳ್ತಿದ್ದಾಗ್ಲೇ ಸ್ಟೇರಿಂಗ್ ಹಿಡ್ದೋನು ಕಣ್ಲಾ ನಾನು," ಅಂತ ನಕ್ಕ. "ನಿನ್ ಡೀಸೆಲ್ ಉಳ್ಸಿಕೊಟ್ರೆ ನಂಗೇ ಪಾಠ ಏಳ್ತೀಯಾ? ಆಯ್ತು ಬುಡು, ಆರ್ಸಾಕಿಲ್ಲ."

ಕೀ ಇಸಕೊಂಡು ಹೋದ. ನಾನು ಜಗುಲೀಲಿ ಕೂತು ಕಿವಿಗೊಟ್ಟೆ. ಗಾಡಿ ಕೆರೆ ಏರಿ ದಾಟಿತು. ಇಳಿಜಾರು ಶುರುವಾಗೋ ಕಡೆ ಸದ್ದು ಪಟ್ಟನೆ ನಿಂತಿತು. ಅಯ್ಯೋ ನಿನ್ನ, ಅಂದುಕೊಂಡೆ. ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಗಾಡಿ ಬಿಡೋ ಹಾಗಿಲ್ಲ, ಅಣ್ಣನ್ನ ಬಿಟ್ಟರೆ ನನಗೆ ಇನ್ಯಾರು?

ಮುಂದಿನ ವಾರ ಅವನು ಕೀಗೆ ಕೈ ಚಾಚಿದಾಗ, "ನಾನೇ ಓಡಿಸ್ತೀನಿ ಕಣಣ್ಣ, ನೀನು ಪಕ್ಕದಲ್ಲಿ ಕೂತ್ಕೋ," ಅಂದೆ.

ಅಣ್ಣ ಲೋಟ ಅರ್ಧಕ್ಕೇ ಕೆಳಗಿಟ್ಟ. "ನಿನ್ ಪಕ್ಕ ಕೂತು ಓಗೋ ಗತಿ ನಂಗಿನ್ನೂ ಬಂದಿಲ್ಲ. ನಿನ್ ಗಾಡಿ ನೀನೇ ಮಡೀಕೋ." ನಾನು ಕೋಲು ಹುಡುಕಿ ಏಳೋ ಹೊತ್ತಿಗೆ ಅವನು ಬೀದಿ ತಿರುಗಿಬಿಟ್ಟಿದ್ದ.

ಅದರ ಮುಂದಿನ ಮಂಗಳವಾರ ಬರಲೇ ಇಲ್ಲ. ಇಬ್ಬರಿಗೂ ಅಂತ ಕಾಯಿಸಿದ್ದ ಕಾಫೀನ ಚೆಲ್ಲಿ ಹೊರಟೆ. ನೋಡಿದರೆ ಬಸ್ ಸ್ಟಾಪಿನಲ್ಲಿ ಅಣ್ಣ, ಬದನೆಕಾಯಿ ಮೂಟೆ ಕಾಲ ಹತ್ತಿರ ಇಟ್ಟುಕೊಂಡು ನಿಂತಿದ್ದಾನೆ. ಮುಂದೇ ತಂದು ನಿಲ್ಲಿಸಿ, ಬಗ್ಗಿ ಆ ಕಡೆ ಬಾಗಿಲು ತೆಗೆದೆ.

"ಅಣ್ಣಾ, ಬಾ."

ಅವನು ನನ್ನ ತಲೆ ಮೇಲಿಂದ ರಸ್ತೆ ನೋಡಿದ. ಹಿಂದೆ ಬಸ್ಸು ಹಾರ್ನ್ ಹೊಡೀತು.

"ಬಸ್ ಬತ್ತಾ ಐತೆ. ಗಾಡಿ ಮುಂದಕ್ಕೆ ತಕ್ಕೊಳ್ರಿ," ಅಂದ, ಯಾರೋ ಗೊತ್ತಿಲ್ಲದವರಿಗೆ ಅಂದ ಹಾಗೆ.

ನಾನು ಬಾಗಿಲು ಎಳೆದುಕೊಂಡು ಗಾಡಿ ಮುಂದಕ್ಕೆ ತಗೊಂಡೆ.