ಬಾಕಿ ಎಷ್ಟು ಸುತ್ತು ಬಂತು

ಹೊಲಿಗೆ ಮಿಷನ್ನಿಗೆ ಬಿಡುವ ಎಣ್ಣೆಯ ವಾಸನೆ ಬಂದರೆ ನನಗೆ ವಿದ್ಯುತ್ ಸಂಸ್ಥೆಯ ಆರೋಗ್ಯ ನೆನಪಾಗುತ್ತದೆ. ನಗಬೇಡಿ. ಈ ಬೆಳಿಗ್ಗೆಯೂ ನನ್ನ ಹೆಂಡತಿ ಪಾರ್ವತಿ ಮಿಷನ್ ಒರೆಸುತ್ತಿದ್ದಳು. ನಾನು ಪೇಪರ್ ಮಡಿಸಿಟ್ಟು ತೊಂಬತ್ತರ ದಶಕಕ್ಕೆ ಹೋಗಿಬಿಟ್ಟೆ.

ಆಗ ನಾನು ಮೈಸೂರಿನ ಒಂದು ವಿದ್ಯುತ್ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ನಮ್ಮ ಮೇಲಧಿಕಾರಿ ಗಿರಿಜಮ್ಮನವರು ಕೃಷ್ಣಮೂರ್ತಿಪುರದಿಂದ ಬರುತ್ತಿದ್ದರು. ಅವರಿಗೆ ಲಾಭದ ಅಂಕಿಯ ಮೇಲೆ ನಂಬಿಕೆಯೇ ಇರಲಿಲ್ಲ. "ಬಿಲ್ ಯಾರು ಬೇಕಾದ್ರೂ ಹಾಕ್ಬೋದು ಕಣ್ರೀ. ವರ್ಷದ ಬಿಲ್ಲನ್ನ ಸರಾಸರಿ ಬಾಕಿಯಿಂದ ಭಾಗ್ಸಿ ನೋಡಿ. ಬಾಕಿ ಎಷ್ಟು ಸುತ್ತು ದುಡ್ಡಾಗಿ ಬಂತು ಅಂತ ಗೊತ್ತಾಗುತ್ತೆ. ನಾಡಿ ಇರೋದು ಅಲ್ಲಿ." ಸುತ್ತು ಹೆಚ್ಚಿದ್ದರೆ ಸಂಸ್ಥೆ ಗಟ್ಟಿ, ಕಡಿಮೆಯಾದರೆ ಸಂಬಳ ಕೊಡುವುದಕ್ಕೂ ಸಾಲ. ನಾನು ಇದನ್ನು ಎಷ್ಟು ಹಚ್ಚಿಕೊಂಡೆನೆಂದರೆ ಹಾಲಿನವನಿಗೂ ಅವನ ಬಾಕಿಯನ್ನು ಭಾಗಿಸಿ ತೋರಿಸಿದ್ದೆ. ಮಾರನೆಯ ದಿನದಿಂದ ಅವನು ಹಾಲನ್ನು ಗೇಟಿನ ಬಳಿಯೇ ಇಟ್ಟು ಹೋಗತೊಡಗಿದ.

ನಮ್ಮ ಬಾಡಿಗೆ ಮನೆ ರಾಜೀವನಗರದಲ್ಲಿತ್ತು. ಸಂಜೆಯಾದರೆ ಬಲ್ಬು ಕೆಂಪಗಾಗುತ್ತಿತ್ತು. ಪಾರ್ವತಿ ಮಿಷನ್ನಿಗೆ ಮೋಟಾರು ಹಾಕಿಸಿಕೊಂಡು ಒಂದು ಶಾಲೆಯ ಯೂನಿಫಾರಂ ಹೊಲಿಯಲು ಒಪ್ಪಿಕೊಂಡಿದ್ದಳು. ವೋಲ್ಟೇಜ್ ಇಲ್ಲದೆ ಮೋಟಾರು ಗುಂಯ್ ಎಂದು ಕೂತುಬಿಡುತ್ತಿತ್ತು. ನಮ್ಮ ಬಡಾವಣೆಗೆ ಹೊಸ ಟ್ರಾನ್ಸ್‌ಫಾರ್ಮರ್ ಹಾಕಲು ಸಂಸ್ಥೆಗೆ ಬ್ಯಾಂಕಿನ ಸಾಲ ಬೇಕು, ಬ್ಯಾಂಕಿನವರು ನೋಡುವುದೂ ಆ ಸುತ್ತನ್ನೇ. ಮನೆಗಳವರು ಬಿಲ್ ಕಟ್ಟುತ್ತಿದ್ದರು. ಉಳಿಯುತ್ತಿದ್ದದ್ದು ಬೀದಿದೀಪ, ನೀರಿನ ಪಂಪುಗಳ ಸರ್ಕಾರಿ ಬಾಕಿ.

ಅದಕ್ಕೊಂದು ಪದ್ಧತಿಯಿತ್ತು. ವರ್ಷದ ಲೆಕ್ಕ ಮುಗಿಯುವ ಮಾರ್ಚ್ ಕೊನೆಗೆ ಆ ಸರ್ಕಾರಿ ಕಚೇರಿಯವರು ಒಂದು ಚೆಕ್ ಕೊಡುವುದು, ನಾವು ದುಡ್ಡು ಬಂತೆಂದು ಬರೆದುಕೊಳ್ಳುವುದು, ಏಪ್ರಿಲ್‌ನಲ್ಲಿ ಅದನ್ನು ಬ್ಯಾಂಕಿಗೆ ಹಾಕದೆ ವಾಪಸ್ ಕೊಡುವುದು. ಎಲ್ಲರೂ ಕಾಫಿ ಕುಡಿದು ನಗುತ್ತಲೇ ಏಳುತ್ತಿದ್ದರು. ಆ ವರ್ಷ ಗಿರಿಜಮ್ಮನವರು ಚೆಕ್ಕನ್ನು ಮುಟ್ಟಲಿಲ್ಲ. "ಥರ್ಮಾಮೀಟರ್‌ನ ತಣ್ಣೀರಿಗೆ ಅದ್ದಿದ್ರೆ ಜ್ವರ ಇಳಿಯುತ್ತೇನ್ರೀ?" ಎಂದುಬಿಟ್ಟರು. ಸುತ್ತು ಕುಸಿಯಿತು, ಬ್ಯಾಂಕು ಸಾಲ ಕೊಡಲಿಲ್ಲ.

ಶಾಲೆ ತೆರೆಯುವ ದಿನ ಹತ್ತಿರವಾಗಿತ್ತು. ಒಂದು ಸಂಜೆ ಮನೆಯಲ್ಲಿ ವಿಷಯ ತಿಳಿಸಿದೆ. ಪಾರ್ವತಿ ಕತ್ತರಿ ಕೆಳಗಿಟ್ಟಳು. "ನಾವು ತಿಂಗಳು ತಿಂಗಳೂ ಕಟ್ಟಿದೀವಲ್ರೀ!"

ನಾನು ಸಮಾಧಾನವಾಗಿ ಸರಾಸರಿ ಎಂದರೇನೆಂದು ವಿವರಿಸಿದೆ. ಅವಳು ಮೋಟಾರು ಬಿಚ್ಚಿ, ಬೆಲ್ಟ್ ಏರಿಸಿ, ಕಾಲಲ್ಲಿ ತುಳಿಯತೊಡಗಿದಳು. ಆದರೂ ಬಟ್ಟೆ ತಡವಾಯಿತು, ಮುಂದಿನ ವರ್ಷ ಶಾಲೆಯವರು ಬೇರೆ ಯಾರನ್ನೋ ಹುಡುಕಿಕೊಂಡರು. ಬಾಕಿ ನಿಜವಾಗಿ ಬಂದ ಮೇಲೆ ಟ್ರಾನ್ಸ್‌ಫಾರ್ಮರೂ ಬಂತು. ಗಿರಿಜಮ್ಮನವರು ಮಾಡಿದ್ದು ಸರಿ ಎಂದು ನನಗೆ ಅಂದೂ ಅನಿಸಿತ್ತು, ಇಂದೂ ಅನಿಸುತ್ತದೆ. ಆದರೆ ಪಾರ್ವತಿ ಮಂಡಿ ಹಿಡಿದುಕೊಂಡು ಏಳುವುದನ್ನು ಕಂಡಾಗ ಆ ಚೆಕ್ಕು ನೆನಪಾಗುತ್ತದೆ.

ಈ ಬೆಳಿಗ್ಗೆ ಕೇಳಿಯೇಬಿಟ್ಟೆ. "ಆ ಚೆಕ್ಕನ್ನ ಲೆಕ್ಕಕ್ಕೆ ತಗೋಬೇಕಿತ್ತು ಅನ್ಸುತ್ತೇನೇ?"

"ಸುಳ್ಳು ಬರೀರಿ ಅಂತ ನಾನೆಲ್ಲಿ ಅಂದೆ?" ಎಂದಳು, ತಲೆಯೆತ್ತದೆ. "ನಂಗೆ ಸರಾಸರಿ ಹೇಳ್ಕೊಡೋ ಬದ್ಲು ಪಕ್ಕದಲ್ಲಿ ಕೂತು ನಾಲ್ಕು ಗುಂಡಿ ಹಾಕ್ಕೊಟ್ಟಿದ್ರೆ ಸಾಕಿತ್ತು."

ನಾನು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕುಳಿತೆ. ಏನು ಮಾಡಲಿ ಎಂದು ಕೇಳಿದೆ.

"ಮೊದ್ಲು ಸೂಜಿಗೆ ದಾರ ಪೋಣ್ಸಿ" ಎಂದಳು.