ಮಂಜಕ್ಕ ಕಾಯುವ ಬಾಗಿಲು
ಮಂಜಕ್ಕ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಆಸ್ಪತ್ರೆಯ ಯಂತ್ರಗಳಿಗೆ ಔಷಧಿಯ ಮಂಜು ಹಿಡಿಸುವವಳೆಂದು ಅಲ್ಲಿ ಕೆಲಸ ಮಾಡುವ ನಾವೇ ಇಟ್ಟದ್ದು. ಹೆಸರಷ್ಟೇ ತಂಪು, ಬಾಯಿ ಕೆಂಡ. ಎಳೆಗೂಸುಗಳ ಉಸಿರಾಟದ ಯಂತ್ರ, ಎದೆಬಡಿತ ತೋರಿಸುವ ಪರದೆ, ಎಲ್ಲವನ್ನೂ ಕೋಣೆಯಲ್ಲಿ ಜೋಡಿಸಿ, ಕಿಟಕಿಯ ಸಂದಿಗೆಲ್ಲ ಟೇಪು ಅಂಟಿಸಿ, ಒದ್ದೆ ಮಾಡದೆ ಕ್ರಿಮಿ ಕೊಲ್ಲುವ ಆ ಮಂಜನ್ನು ಬಿಟ್ಟು ಹೊರಬಂದಳೆಂದರೆ, ಬಾಗಿಲಿಗೆ ಅವಳೇ ಬೀಗ. ಯಂತ್ರದ ಹತ್ತಿರ ಯಾರಾದರೂ ಹಸಿಬಟ್ಟೆ ಹಿಡಿದು ಸುಳಿದರೆ, “ಒಳಗೆ ಕರೆಂಟಿದೆ ಕಣ್ರೀ! ಪಾತ್ರೆ ತೊಳೆಯೋಕೆ ಬಂದ್ರಾ?” ಎಂದು ಹರಿಹಾಯುತ್ತಾಳೆ. ಮಂಜು ಇಳಿಯುವ ಮೊದಲೇ ಒಳನುಗ್ಗುವ ಡಾಕ್ಟರುಗಳಿಗೆ, “ಕ್ರಿಮಿಗೇನು ನಿಮ್ಮ ಡಿಗ್ರಿ ಓದೋಕೆ ಬರುತ್ತಾ?” ಎನ್ನುತ್ತಾಳೆ. ಔಷಧಿ ದಂಡ, ಇವಳ ಬೈಗುಳಕ್ಕೇ ಕ್ರಿಮಿಗಳು ಗಂಟುಮೂಟೆ ಕಟ್ಟುತ್ತವೆ ಎಂದು ನರ್ಸುಗಳು ನಗುತ್ತಾರೆ. ಮೊನ್ನೆ ಯಾವನೋ ಒಬ್ಬ ಬಾಗಿಲಿಗೆ ಕೈಹಾಕಿದ. “ಇದೇನು ನಿಮ್ಮಜ್ಜನ ಮನೇನಾ?” ಎಂದು ಮಂಜಕ್ಕ ಎಗರಿಬಿದ್ದಳು. ಅವನು ಬೆದರಿ, “ನನ್ನ ಮಗೂನ ಇಲ್ಲೇ ಇಡ್ತಾರಂತೆ ಅಕ್ಕಾ. ಹುಟ್ಟಿದ್ಮೇಲೆ ಇನ್ನೂ ಅತ್ತಿಲ್ಲ. ಜಾಗ ಹೇಗಿದೆ ನೋಡೋಣಾಂತ…” ಎಂದ. ಮಂಜಕ್ಕ ತನ್ನ ಕುರ್ಚಿಯನ್ನು ಅವನ ಕಡೆ ಸರಿಸಿ, “ಹಾಗಾದ್ರೆ ಇಲ್ಲೇ ಕೂತ್ಕೊಳ್ಳಪ್ಪಾ. ನಾನು ಹೇಳೋತನಕ ಯಾರನ್ನೂ ಬಿಡಬೇಡ,” ಎಂದಳು. ಅವಳ ದನಿ ಅಷ್ಟು ಮೆತ್ತಗಾದದ್ದನ್ನು ನಾವು ಕೇಳಿಯೇ ಇರಲಿಲ್ಲ. ಅಷ್ಟರಲ್ಲಿ ದೊಡ್ಡ ಡಾಕ್ಟರು ಬಂದು ಬಾಗಿಲಿನ ಹಿಡಿಕೆ ತಿರುಗಿಸಹೋದರು. ಮಂಜಕ್ಕ ಬಾಯಿ ತೆರೆಯುವ ಮೊದಲೇ ಆ ತಂದೆ ದಡಕ್ಕನೆದ್ದು, “ಕಣ್ಣು ಕಾಣಲ್ವೇನ್ರೀ? ಒಳಗೆ ಮಂಜಿದೆ!” ಎಂದು ಗುಡುಗಿದ. ಅವತ್ತೆಲ್ಲ ಮಂಜಕ್ಕನಿಗೆ ಬೈಯುವ ಕೆಲಸವೇ ಉಳಿಯಲಿಲ್ಲ.