ಸಿಕ್ಕಿದ ಸೀಟು ಬಿಡುವ ಬೀದಿ

ಮಂಡ್ಯದ ನಮ್ಮ ಬೀದಿಯಲ್ಲಿ ಒಂದು ಪದ್ಧತಿ ಇತ್ತು. ಊರಿನಲ್ಲಿ ಪರೀಕ್ಷೆ ಬರೆದು ಸೇರಬೇಕಾದ ಒಂದು ಸರ್ಕಾರಿ ಶಾಲೆಯಿದೆ. ಆರನೇ ಕ್ಲಾಸಿನಿಂದ ಹತ್ತರವರೆಗೆ. ಐದನೇ ಕ್ಲಾಸಿನ ಚುರುಕು ಮಕ್ಕಳಿಗೆಲ್ಲ ಆ ಪರೀಕ್ಷೆ ಬರೆಸುವುದು, ಸೀಟು ಸಿಕ್ಕರೆ ಅಕ್ಕಪಕ್ಕದವರಿಗೆ ಸಿಹಿ ಹಂಚುವುದು, ಆಮೇಲೆ ಸೀಟು ಬಿಟ್ಟು ಮಗುವನ್ನು ಮೊದಲಿದ್ದ ಖಾಸಗಿ ಶಾಲೆಗೇ ಕಳಿಸುವುದು. ‘ಸಿಕ್ಕಿತ್ತು, ನಾವೇ ಬಿಟ್ವಿ’ ಎಂದು ಹೇಳಿಕೊಳ್ಳುವುದರಲ್ಲಿ ಒಂದು ಗತ್ತು. ನಾನೂ ಹಾಗೆಂದುಕೊಂಡೇ ಮಗಳಿಗೆ ಬರೆಸಿದೆ. ಪಟ್ಟಿಯಲ್ಲಿ ನಾಲ್ಕನೆಯವಳಾಗಿ ಬಂದಳು. ರವೆ ಉಂಡೆ ಕಟ್ಟಿದೆ.

ಎದುರು ಮನೆಯವರು ಉಂಡೆ ಬಾಯಿಗೆ ಹಾಕಿಕೊಂಡು, “ಏಲಕ್ಕಿ ಒಂಚೂರು ಮುಂದಾಯ್ತು ಕಣ್ರೀ. ಸೇರಿಸಲ್ಲ ತಾನೆ?” ಎಂದರು.

“ಇಲ್ಲಪ್ಪ, ಸುಮ್ನೆ ಬರೆಸಿದ್ವಿ.”

ಅವರು ಹೋದ ಮೇಲೆ ಮಗಳು ಉಂಡೆಯ ದ್ರಾಕ್ಷಿಯನ್ನಷ್ಟೇ ಕಿತ್ತು ತಿನ್ನುತ್ತಾ ಕೇಳಿದಳು. “ಅಮ್ಮ, ನೀನು ಸುಮ್ನೆ ಬರೆಸಿದ್ದಾ? ನಾನು ಸುಮ್ನೆ ಬರೀಲಿಲ್ವಲ್ಲ.”

“ನಿನ್ನ ಸ್ಕೂಲಿಗೇನಾಗಿದೆ?”

“ಅಲ್ಲಿ ಲೆಕ್ಕ ಮುಗಿಸಿ ಎಲ್ಲರಿಗೂ ಕಾಯ್ತಾ ಕೂತಿರ್ತೀನಿ. ಪರೀಕ್ಷೆ ದಿನ ಮುಂದಿನ ಬೆಂಚಲ್ಲಿ ಒಬ್ಬಳಿದ್ಲು. ಎರಡು ಜಡೆ, ಕೆಂಪು ರಿಬ್ಬನ್ನು. ನಾನಿನ್ನೂ ಆರನೇ ಲೆಕ್ಕದಲ್ಲಿದ್ದೆ, ಅವಳು ಹಾಳೆ ತಿರುಗಿಸಿಬಿಟ್ಲು. ಅಂಥವರ ಜೊತೆ ಕೂರಬೇಕು.”

ನಾನು ಡಬ್ಬದ ಮುಚ್ಚಳ ಹಾಕಿ ಒಳಗೆ ಹೋದೆ. ಹಾಳೆ ತಿರುಗಿಸುವ ಒಬ್ಬಳು ನನಗೂ ಇದ್ದಳು.

ನಾನು ಓದಿದ್ದು ಮಂಡ್ಯದ ಕಾನ್ವೆಂಟಿನಲ್ಲಿ. ಮದ್ದೂರಿನಿಂದ ದಿನಾ ರೈಲು. ನೀಲಿ ಪಿನಾಫೋರಿನ ಮಡಿಕೆ ಕೆಡಬಾರದೆಂದು ಸೀಟಿದ್ದರೂ ನಿಂತೇ ಬರುತ್ತಿದ್ದೆ. ಕಾನ್ವೆಂಟಿನ ಕಾರಿಡಾರಿಗೆ ಸೀಮೇಸುಣ್ಣ ಮತ್ತು ಫಿನಾಯಿಲು ಬೆರೆತ ಒಂದು ವಾಸನೆಯಿತ್ತು. ಈಗಲೂ ನೆಲ ಒರೆಸುವಾಗ ಒಮ್ಮೊಮ್ಮೆ ಬರುತ್ತದೆ. ಅಲ್ಲಿ ಕನ್ನಡ ಮಾತಾಡಿದವರ ಕೊರಳಿಗೆ ಸಿಸ್ಟರ್‌ಗಳು ಒಂದು ಮರದ ಬಿಲ್ಲೆ ಹಾಕುತ್ತಿದ್ದರು. ಕನ್ನಡ ಮಾತಾಡುವ ಇನ್ನೊಬ್ಬಳನ್ನು ಹಿಡಿದು ಅವಳಿಗೆ ದಾಟಿಸುವವರೆಗೂ ಅದನ್ನು ಕಳಚುವಂತಿಲ್ಲ.

ನನ್ನ ಪಕ್ಕ ಕೂರುತ್ತಿದ್ದವಳು ಮಳವಳ್ಳಿ ಕಡೆಯವಳು, ಅತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಲೆಕ್ಕದಲ್ಲಿ ಯಾವಾಗಲೂ ಅವಳು ಮೊದಲು, ನಾನು ಎರಡನೆಯವಳು. ಬಿಲ್ಲೆಯೂ ಹೆಚ್ಚು ದಿನ ಅವಳ ಕೊರಳಲ್ಲೇ. ಅವಳ ಎದುರಿಗೇ ನಾನು ‘ಅಯ್ಯೋ, ಸ್ಕೇಲು ಮರೆತೆ ಕಣೆ’ ಎಂದುಬಿಡುತ್ತಿದ್ದೆ. ಅವಳು ದಾಟಿಸುತ್ತಿರಲಿಲ್ಲ. “ನಿಂಗ್ಯಾಕೆ ಬುಡು, ನಂಗೆ ಅಭ್ಯಾಸ ಆಗೋಗದೆ” ಎಂದು ಬಿಲ್ಲೆಯನ್ನು ಪಿನಾಫೋರಿನೊಳಕ್ಕೆ ಇಳಿಬಿಟ್ಟುಕೊಳ್ಳುತ್ತಿದ್ದಳು.

ಏಳನೇ ಕ್ಲಾಸು ಮುಗಿದ ಮೇಲೆ ಅವಳು ಸರ್ಕಾರಿ ಹೈಸ್ಕೂಲಿಗೆ ಹೋದಳು. ಎಂಟರಲ್ಲಿ ನಾನೇ ಮೊದಲು. ಅಮ್ಮ ಶಾವಿಗೆ ಪಾಯಸ ಮಾಡಿದಳು. ಆದರೆ ಲೆಕ್ಕ ಮುಗಿಸಿ ಪಕ್ಕಕ್ಕೆ ತಿರುಗಿದರೆ ಅಲ್ಲಿ ಯಾರೂ ಇರುತ್ತಿರಲಿಲ್ಲ. ಬರುಬರುತ್ತಾ ನಾನೂ ನಿಧಾನವಾದೆ.

ಸೀಟು ಹಂಚುವ ದಿನ ಬಂತು. ನಮ್ಮ ಬೀದಿಯವರು ಅಂದು ಸುಮ್ಮನೆ ಮನೆಯಲ್ಲಿದ್ದುಬಿಡುತ್ತಾರೆ. ವಿ.ಸಿ. ಫಾರಂಗೆ ಕೆಲಸಕ್ಕೆ ಹೊರಟಿದ್ದ ನಮ್ಮ ಯಜಮಾನರು ಹೆಲ್ಮೆಟ್ ಹಾಕಿಕೊಳ್ಳುತ್ತಾ, “ಬಿಡೋದಾದ್ರೆ ಹೋಗಿ ಬರೆದುಕೊಟ್ಟು ಬಾ. ಹಿಂದಿನವರು ಕಾಯ್ತಿರ್ತಾರೆ. ಸೇರಿಸೋದಾದ್ರೂ ನಂದೇನಿಲ್ಲ” ಎಂದರು. ಸೀಟು ಬೇಡವೆಂಬ ಪತ್ರವನ್ನು ಕಾನ್ವೆಂಟಿನ ದುಂಡಕ್ಷರದಲ್ಲಿ ಬರೆದು ಬ್ಯಾಗಿನಲ್ಲಿಟ್ಟುಕೊಂಡೆ. ಮಗಳು ಅದನ್ನು ನೋಡಿದಳು. ಶೂಗೆ ಪಾಲಿಶ್ ಹಾಕಿಕೊಂಡಿದ್ದಳು.

ಶಾಲೆಯ ಹಾಲಿನಲ್ಲಿ ಪಟ್ಟಿಯ ಪ್ರಕಾರ ಹೆಸರು ಕೂಗುತ್ತಿದ್ದರು. ಮೂರು ಸಲ ಕೂಗಿದರೂ ಯಾರೂ ಏಳದಿದ್ದರೆ ಆ ಸೀಟು ಕಾಯುವ ಪಟ್ಟಿಯವರಿಗೆ. ನನ್ನ ಪಕ್ಕ ಹಲಗೂರಿನಿಂದ ಬಂದಿದ್ದ ಒಬ್ಬ ತಾಯಿ, ಮಡಿಲಿಗೆ ಒರಗಿದ ಮಗಳು. ಕಾಯುವ ಪಟ್ಟಿಯಲ್ಲಿ ಅವರದು ಮೂರನೆಯದಂತೆ.

ಮೊದಲ ಹೆಸರು ನಮ್ಮ ಬೀದಿಯ ಹುಡುಗನದೇ. ಮೂರು ಸಲ ಕೂಗಿದರು, ಯಾರೂ ಏಳಲಿಲ್ಲ. ಆಕೆ ಒಂದು ಬೆರಳು ಮಡಿಸಿದರು. ಎರಡನೆಯ ಹೆಸರಿಗೆ ಕೆಂಪು ರಿಬ್ಬನ್ನಿನ ಹುಡುಗಿ ಎದ್ದು ನಿಂತಳು. “ಅವಳೇ ಅಮ್ಮ” ಎಂದು ಮಗಳು ನನ್ನ ಸೆರಗು ಜಗ್ಗಿದಳು. ಮೂರನೆಯವರೂ ಬಂದಿರಲಿಲ್ಲ. ಇನ್ನೊಂದು ಬೆರಳು.

“ನಿಮ್ಮ ಮಗೀದು ಎಷ್ಟನೇದಕ್ಕ?”

“ನಾಲ್ಕು.”

ಆಕೆ ನನ್ನ ಸೀರೆ, ಬ್ಯಾಗು ಎಲ್ಲ ಒಂದು ಸಲ ನೋಡಿದರು. “ನೀವೂ ಬುಡೋರೇ ಅಲ್ವಾ? ಬುಡೋಂಗಿದ್ರೆ ಮೊದಲ್ನೇ ಸಲಕ್ಕೇ ಬ್ಯಾಡ ಅಂದ್ಬುಡಿ. ಮೂರು ಸಲ ಕೂಗಿಸ್ಬ್ಯಾಡಿ, ನಮ್ಮ ಎದೆ ಒಡ್ಕತದೆ.”

ಅದೇ ಮಳವಳ್ಳಿ ಕಡೆಯ ಮಾತು, ಕಾನ್ವೆಂಟಿನ ನನ್ನ ಗೆಳತಿಯದು. ಬಿಲ್ಲೆಯನ್ನು ಒಳಕ್ಕೆ ಇಳಿಬಿಟ್ಟುಕೊಳ್ಳುತ್ತಿದ್ದ ಆ ಕೈ ನೆನಪಾಗಿ ಎಲ್ಲೋ ಹೋಗಿದ್ದೆ. ಅಷ್ಟರಲ್ಲಿ ಮಗಳ ಹೆಸರು, ಅದರ ಹಿಂದೆಯೇ ತಾಯಿ ಎಂದು ನನ್ನ ಹೆಸರು ಕೂಗಿದರು. ನಾನು ದಡಕ್ಕನೆ ಎದ್ದು, ಕೈ ಕಟ್ಟಿ, “ಪ್ರೆಸೆಂಟ್ ಸಿಸ್ಟರ್” ಎಂದೆ.

ಹಾಲಿಗೆ ಹಾಲೇ ನಕ್ಕಿತು. ಕೂಗುತ್ತಿದ್ದವರು ದಪ್ಪ ಮೀಸೆಯ ಮೇಷ್ಟ್ರು. “ಸಿಸ್ಟರ್ರೋ ಬ್ರದರ್ರೋ, ಸೇರಿಸ್ತೀರೋ ಬಿಡ್ತೀರೋ ಹೇಳಮ್ಮ” ಎಂದರು.

ಬ್ಯಾಗಿನೊಳಗೆ ಕೈ ಹಾಕಿದೆ. ಪತ್ರದ ಮಡಿಕೆ ಬೆರಳಿಗೆ ಸಿಕ್ಕಿತು. ಪಕ್ಕದಲ್ಲಿ ಆ ತಾಯಿ ಮೂರನೆಯ ಬೆರಳನ್ನು ಅರ್ಧ ಮಡಿಸಿ ಹಿಡಿದಿದ್ದರು. ಈ ಕಡೆ ಮಗಳು ತನ್ನ ಶೂ ನೋಡುತ್ತಿದ್ದಳು.

“ಸೇರಿಸ್ತೀವಿ ಸರ್” ಎಂದೆ.

ಬೆರಳು ಮತ್ತೆ ನೆಟ್ಟಗಾಯಿತು. ಆಕೆಯ ಮುಖ ನೋಡಲಾಗದೆ ಕೂತೆ. ನಮ್ಮ ಕೆಲಸ ಮುಗಿದಿದ್ದರೂ ಎದ್ದು ಹೋಗಲು ಮನಸ್ಸಾಗಲಿಲ್ಲ. ಐದರಿಂದ ಹತ್ತರವರೆಗೆ ಎಲ್ಲರೂ ಬಂದಿದ್ದರು. ಹನ್ನೊಂದನೆಯದು ನಮ್ಮ ಹಿಂದಿನ ಬೀದಿಯ ಹುಡುಗಿ. ಮೂರು ಸಲ ಕೂಗಿದರು. ಯಾರೂ ಏಳಲಿಲ್ಲ. ಆಕೆ ಮೂರನೆಯ ಬೆರಳು ಮಡಿಸಿ, ಮುಷ್ಟಿಯನ್ನು ಹಾಗೇ ಮಗಳ ತಲೆಯ ಮೇಲಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮಂಗೆ ಎಲ್ರೂ ಬಂದಿದ್ರೆ ನಾವು ಬರೀಕೈಲಿ ಬಸ್ ಅತ್ತಬೇಕಿತ್ತು ಕಣಕ್ಕ” ಎಂದು ನಕ್ಕರು. ಇಲ್ಲೇ ಇರುವ ತಮ್ಮನ ಮನೆಯಲ್ಲಿ ಮಗಳನ್ನು ಬಿಡುತ್ತಾರಂತೆ.

ಬೀದಿಯಲ್ಲಿ ಕೆಲವು ದಿನ ನನ್ನನ್ನು ಹುಷಾರಿಲ್ಲದವಳನ್ನು ವಿಚಾರಿಸುವ ಹಾಗೆ ವಿಚಾರಿಸಿದರು. ಮಗಳು ಮಾತ್ರ ದಿನವೂ ಸಂಜೆ ಬ್ಯಾಗು ಇಳಿಸುವ ಮೊದಲೇ ಹೇಳುತ್ತಿದ್ದಳು. “ಇವತ್ತೂ ಅವಳೇ ಮೊದಲು ಮುಗಿಸಿದ್ಲು ಅಮ್ಮ.” ಹೇಳುವಾಗ ಮುಖ ತುಂಬಾ ನಗು.

ಮೊನ್ನೆ ಎದುರು ಮನೆಯವರು ಕೊತ್ತಂಬರಿ ಸೊಪ್ಪು ಕೇಳುವ ನೆಪದಲ್ಲಿ ಬಂದರು. ಅವರ ಚಿಕ್ಕವನು ಈಗ ಐದನೇ ಕ್ಲಾಸು. ಸೊಪ್ಪು ಕೈಗೆ ಕೊಟ್ಟ ಮೇಲೂ ಹೊರಡಲಿಲ್ಲ. ಬಾಗಿಲ ಬಳಿ ನಿಂತು, ದನಿ ತಗ್ಗಿಸಿ ಕೇಳಿದರು. “ಆ ಸ್ಕೂಲಲ್ಲಿ ಮಧ್ಯಾಹ್ನ ಕೊಡೋ ಸಾರು ತುಂಬಾ ಖಾರ ಇರತ್ತೇನ್ರೀ?”